ನಾನು ಶುದ್ಧಿ ಮಾಡಿದ ಅಡುಗೆಮನೆ

ಪಾತ್ರೆಯ ಮುಚ್ಚಳದ ಹಿಡಿಯ ಸಂದಿಗೆ ವೈನ್ ಬಾಟಲಿಯ ಹಳೆಯ ಕಾರ್ಕೊಂದನ್ನು ತುರುಕಿದ್ದರು. ಅದರ ಒಂದು ಬದಿ ಸುಟ್ಟು ಕಪ್ಪಾಗಿತ್ತು. ಇನ್ನೊಂದು ಬದಿಯಲ್ಲಿ ಹೆಬ್ಬೆರಳಿನ ಅಗಲಕ್ಕೆ ತಗ್ಗು ಬಿದ್ದಿತ್ತು. ಕಾದ ಹಿಡಿ ಕೈ ಸುಡಬಾರದೆಂದು ಯಾರೋ ಹಾಗೆ ಮಾಡಿಕೊಂಡಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಕಸ ಎಂದುಕೊಂಡೆ. ಎರಡು ಬೆರಳಿನಿಂದ ಎಳೆದು ಬಿನ್ನಿಗೆ ಹಾಕಿದೆ.

ಆ ದಿನ ನಾನು ಮಾಡಿದ ತಪ್ಪುಗಳಲ್ಲಿ ಇದು ಅತ್ಯಂತ ಚಿಕ್ಕದು. ಆದ್ದರಿಂದ ಇದರಿಂದಲೇ ಶುರು ಮಾಡಿದ್ದೇನೆ.

ಆ ಅಡುಗೆಮನೆ ಲೊರೇನ್ ಅವರದು. ಲೊರೇನ್ ಡಾನಿಯ ತಾಯಿ. ಡಾನಿ ನಾನು ಮದುವೆಯಾಗಬೇಕೆಂದಿರುವವನು. ಅವರದು ನ್ಯೂಜೆರ್ಸಿಯ ಇಟಾಲಿಯನ್ ಮನೆತನ. ಡಾನಿಗೆ ನಾಲ್ಕು ವರ್ಷವಿದ್ದಾಗ ಅವನ ತಂದೆಗೆ ಲಂಡನ್ನಿಗೆ ವರ್ಗವಾಯಿತಂತೆ. ಬೇರೆಯವರಾಗಿದ್ದರೆ ಗಂಡ, ಹೆಂಡತಿ, ಮಗು ಬರುತ್ತಿದ್ದರು. ಇವರು ಜೊತೆಗೆ ಲೊರೇನ್ ಅವರ ಅಮ್ಮನನ್ನೂ, ತಮ್ಮ ಪೀಟ್ ಅವರನ್ನೂ, ಪೀಟ್ ಅವರ ಸಂಸಾರವನ್ನೂ, ಹದಿನಾಲ್ಕು ಲೀಟರಿನ ಒಂದು ಅಲ್ಯುಮಿನಿಯಂ ಪಾತ್ರೆಯನ್ನೂ ಕಟ್ಟಿಕೊಂಡು ಬಂದರು. ಪಿನ್ನರ್‌ನ ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಮನೆ ಹಿಡಿದರು. ಆಮೇಲೆ ಡಾನಿಯ ತಂದೆ ತೀರಿಕೊಂಡರು. ಮಿಕ್ಕವರು ಇನ್ನಷ್ಟು ಹತ್ತಿರ ಸರಿದು ಕುಳಿತರು.

ಇಂಥ ಮನೆಗೆ ಹೊರಗಿನಿಂದ ಹೋದವಳು ನಾನು. ಧಾರವಾಡದವಳು. ಎಂ.ಎಸ್ಸಿ. ಓದಲು ಬಂದು ಇಲ್ಲೇ ಕೆಲಸ ಹಿಡಿದವಳು. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಒಂದು ಚೀಟಿ ಇರುತ್ತದಲ್ಲ, ಯಾರೂ ಓದದ ಚೀಟಿ, ಅದನ್ನು ಅಚ್ಚಿಗೆ ಹೋಗುವ ಮೊದಲು ಓದುವವಳು ನಾನು. ಡಬ್ಬಿಯ ಮೇಲಿನ ಲೇಬಲ್ಲನ್ನೂ ಓದುತ್ತೇನೆ. ಸೂಚನೆ ಸ್ಪಷ್ಟವಾಗಿದೆಯೇ, ಅದನ್ನು ಅಕ್ಷರಶಃ ಪಾಲಿಸಿದರೆ ಯಾರಾದರೂ ಸಾಯುತ್ತಾರೆಯೇ ಎಂದು ನೋಡುವುದು ನನ್ನ ಉದ್ಯೋಗ.

ಮೊದಲ ಸಲ ಭಾನುವಾರದ ಊಟಕ್ಕೆ ಹೋದಾಗ ಎರಡು ಆಘಾತಗಳಾದವು. ನನಗೊಂದು, ಅವರಿಗೊಂದು. ನನಗಾದದ್ದು, ಆ ಮನೆಯಲ್ಲಿ ಬಂದಾಗ ಎಲ್ಲರೂ ಎಲ್ಲರ ಎರಡೂ ಕೆನ್ನೆಗೆ ಮುತ್ತಿಡುತ್ತಾರೆ, ಹೋಗುವಾಗ ಮತ್ತೊಮ್ಮೆ ಇಡುತ್ತಾರೆ ಎಂಬುದು. ನಾನು ನನ್ನ ತಂದೆಯನ್ನು ಕೊನೆಯ ಸಲ ಅಪ್ಪಿಕೊಂಡದ್ದು ಏಳನೇ ತರಗತಿಯಲ್ಲಿ. ಅದೂ ನಾಯಿ ಅಟ್ಟಿಸಿಕೊಂಡು ಬಂದಿತ್ತು ಎಂಬ ಕಾರಣಕ್ಕೆ! ಅವರಿಗಾದ ಆಘಾತ, ನಾನು ಮಾಂಸ ತಿನ್ನುವುದಿಲ್ಲ ಎಂಬುದು.

"ಅಯ್ಯೋ ಪಾಪ, ಯಾವಾಗಿನಿಂದ?" ಎಂದು ಪೀಟ್ ಕೇಳಿದರು.

"ಹುಟ್ಟಿದಾಗಿನಿಂದ."

"ಡಾಕ್ಟರು ಏನಂತಾರೆ?"

ಮೇಜಿನ ತುದಿಯಲ್ಲಿ ಕುಳಿತಿದ್ದ ಡಾನಿಯ ಅಜ್ಜಿ ಮಾತ್ರ ಏನೂ ಕೇಳಲಿಲ್ಲ. ಅವರನ್ನು ಎಲ್ಲರೂ ನೊನ್ನಾ ಎನ್ನುತ್ತಿದ್ದರು; ಅವರ ಭಾಷೆಯಲ್ಲಿ ಅಜ್ಜಿ ಎಂದೇ ಅರ್ಥ. ತೊಂಬತ್ತು ದಾಟಿತ್ತು. ಎದ್ದರು, ಒಳಗೆ ಹೋದರು, ಬರೀ ಟೊಮೆಟೊ ಹಾಕಿದ ಪಾಸ್ತಾದ ಒಂದು ಬಟ್ಟಲು ತಂದು ನನ್ನ ಮುಂದೆ ಕುಕ್ಕಿದರು. ಪಕ್ಕದ ಕುರ್ಚಿ ತೋರಿಸಿ, "ಇನ್ನು ಮೇಲೆ ನೀನು ಇಲ್ಲಿ ಕೂರು," ಎಂದರು. ಎರಡು ವರ್ಷ ಪ್ರತಿ ಭಾನುವಾರ ನಾನು ಅಲ್ಲೇ ಕುಳಿತೆ. ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ. ಇಬ್ಬರಿಗೂ ಅದರಿಂದ ಬಹಳ ಆರಾಮವಾಗಿತ್ತು.

ಲೊರೇನ್ ಅವರ ವಿಷಯ ಬೇರೆ. ನನ್ನೊಡನೆ ಅವರು ತುಂಬಾ ಮರ್ಯಾದೆಯಿಂದ ಇದ್ದರು. ಮಗನನ್ನು, ತಮ್ಮನನ್ನು, ತಮ್ಮನ ಹೆಂಡತಿಯನ್ನು ದಿನಕ್ಕೆ ಹತ್ತು ಸಲ ಗದರುವವರು ನನ್ನನ್ನು ಇಂಗ್ಲಿಷಿನಲ್ಲಿ "ಹನಿ", ಅಂದರೆ ಜೇನು, ಎನ್ನುತ್ತಿದ್ದರು. ಊಟವಾದ ಮೇಲೆ ಪಾತ್ರೆ ತೊಳೆಯಲು ಹೋದರೆ, "ಬೇಡ ಹನಿ, ನೀನು ಕೂತ್ಕೋ," ಎಂದು ಹೊರಗೆ ಕಳಿಸುತ್ತಿದ್ದರು. ಅತಿಥಿಗೆ ಸಿಗುವ ಮರ್ಯಾದೆ ಸೊಸೆಯಾಗಬೇಕಾದವಳಿಗೆ ಎಂಥ ಶಿಕ್ಷೆ ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಮದುವೆಯಾಗುವುದೆಂದು ನಾನೂ ಡಾನಿಯೂ ನಿರ್ಧರಿಸಿದ್ದು ಈಸ್ಟರ್ ಸಮಯಕ್ಕೆ. ಅದಕ್ಕೆ ಮೊದಲು ನಮ್ಮ ಮನೆಯವರನ್ನು ಒಪ್ಪಿಸಲು ಎಂಟು ತಿಂಗಳು ಹಿಡಿದಿತ್ತು. ಅವನ ಕಡೆ ನೊನ್ನಾಗೆ ಮಾತ್ರ ಹೇಳಿದೆವು. ಅವರು ಒಂದೇ ಷರತ್ತು ಹಾಕಿದರು. "ಎಲ್ಲರೂ ಮೇಜಿಗೆ ಕೂತಾಗ ಹೇಳಿ. ನ್ಯೂಜೆರ್ಸಿಯವರೂ ಇರಬೇಕು. ಬಾಗಿಲಲ್ಲಿ ನಿಂತು ಹೇಳಿದ್ದು ಸುದ್ದಿ ಅಲ್ಲ."

ಎಲ್ಲರೂ ಒಂದೇ ಮೇಜಿಗೆ ಬರುವ ದಿನಕ್ಕೆ ಕಾಯುತ್ತಾ ಕುಳಿತೆವು. ನವೆಂಬರ್‌ನಲ್ಲಿ ಆ ದಿನ ಬಂತು. ನೊನ್ನಾ ತೀರಿಕೊಂಡರು!

ನ್ಯೂಜೆರ್ಸಿಯಿಂದ ಬಂದವರೂ ಸೇರಿ ಒಟ್ಟು ಮೂವತ್ತೊಂದು ಜನ. ಶವಪೆಟ್ಟಿಗೆಯನ್ನು ಅಂತ್ಯಕ್ರಿಯೆಯ ಹಿಂದಿನ ದಿನ ಮನೆಗೆ ತಂದು ಮುಂದಿನ ಕೋಣೆಯಲ್ಲಿಟ್ಟರು. ಬೆಳಿಗ್ಗೆ ಹತ್ತಕ್ಕೆ ಚರ್ಚ್, ಅಲ್ಲಿಂದ ಸ್ಮಶಾನ, ಒಂದು ಗಂಟೆಗೆ ಮನೆಯಲ್ಲಿ ಊಟ. ಡಾನಿಯ ಕಣ್ಣು ಊದಿಕೊಂಡಿತ್ತು. "ಊಟ ಮುಗಿಯುವಾಗ ಎದ್ದು ನಿಂತು ಹೇಳ್ತೀನಿ, ಮೇಧಾ. ನೊನ್ನಾ ಕೇಳಿದ್ದು ಅದೊಂದೇ," ಎಂದ. ನನ್ನ ಬದುಕು ಆ ಊಟದ ಮೇಲೆ ನಿಂತಿತು.

ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿ ಅವನು ಮತ್ತೆ ಓಡಿ ಬಂದ. "ಅಡುಗೆಮನೆ ನೀನು ನೋಡ್ಕೋಬೇಕಂತೆ. ಅಮ್ಮ ಹೇಳಿದ್ರು." ಇನ್ನೂ ಏನೋ ಹೇಳುವವನಿದ್ದ. ಆಗಲೇ ಪೆಟ್ಟಿಗೆ ಎತ್ತಿದರು. ಅವನಿಗೆ ಅಳು ಒತ್ತರಿಸಿ ಬಂತು. ಓಡಿದ.

ಮನೆಯಲ್ಲಿ ಉಳಿದವಳು ನಾನೊಬ್ಬಳೇ.

ಎರಡು ವರ್ಷ ನನ್ನನ್ನು ಆ ಅಡುಗೆಮನೆಯೊಳಗೆ ಬಿಡದವರು ಈಗ ಅದನ್ನು ಪೂರ್ತಿ ನನ್ನ ಕೈಗೆ ಕೊಟ್ಟಿದ್ದರು. ಎದೆ ತುಂಬಿ ಬಂತು. ಆದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಯಾರನ್ನೂ ಕೇಳುವಂತಿರಲಿಲ್ಲ, ಎಲ್ಲರೂ ಪ್ರಾರ್ಥನೆಯಲ್ಲಿದ್ದರು. ಎಜ್‌ವೇರ್‌ನಲ್ಲಿರುವ ನನ್ನ ಕಾಕುವಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಫೋನ್ ಮಾಡಿದೆ. ಹುಟ್ಟು, ಮದುವೆ, ಸಾವು ಯಾವುದೇ ಇರಲಿ, ವಾಯವ್ಯ ಲಂಡನ್ನಿನ ಧಾರವಾಡ ಮಂದಿಗೆಲ್ಲ ಕಾಕುವಿನ ಮಾತೇ ಶಾಸ್ತ್ರ.

"ಪೆಟಗಿ ಮನಿ ಬಿಟ್ಟತೇನು?" ಎಂದರು ಕಾಕು.

"ಹೌದ್ರಿ ಕಾಕು. ಈಗಷ್ಟ ಹೋತು."

"ನಿನಗ ಏನು ಹೇಳಿ ಹೋಗ್ಯಾರ?"

"ಅಡಗಿಮನಿ ನೋಡ್ಕೋ ಅಂದಾರ್ರಿ."

"ಹೌದಾ! ಅಂದ್ರ ಸೊಸಿ ಅಂತ ತಿಳ್ಕೊಂಡಾರ. ಇನ್ನೇನು ಕೇಳ್ತೀ? ಸೊಸಿ ಮಾಡೋ ಕೆಲಸ ಮಾಡು. ಮನಿ ತೊಳಿ. ನಿಂತ ನೀರೆಲ್ಲಾ ಚೆಲ್ಲು. ಬೇಯಿಸಿದ್ದು ಏನರ ಅದನೋ?"

"ಒಲಿ ಮ್ಯಾಲ ಒಂದು ದೊಡ್ಡ ಪಾತೇಲಿ ಅದರಿ. ನಿನ್ನೆ ಸಂಜಿಯಿಂದ ಹಂಗ ಅದ."

"ಹೆಣ ಮನ್ಯಾಗಿದ್ದಾಗಿಂದು?"

"ಹೌದ್ರಿ."

"ಶಿವ ಶಿವಾ! ಅದನ್ನ ಯಾರರ ಉಣ್ತಾರೇನು? ಮೊದಲ ಚೆಲ್ಲು."

"ಇವರು ನಮ್ಮಂಗ ಅಲ್ಲ ಕಾಕು. ಇಟಲಿ ಮಂದಿ."

"ಸಾವು ಎಲ್ಲಾರಿಗೂ ಒಂದ ನಮೂನಿ ಬರ್ತದ. ಇಟಲಿಯವರಿಗೆ ಬ್ಯಾರೆ ಬರ್ತದೇನು? ಊಟದ ಚಿಂತಿ ನೀ ಮಾಡಬ್ಯಾಡ. ಸಾವಿನ ಮನ್ಯಾಗ ಒಲಿ ಹಚ್ಚಬಾರದು, ನಾ ಕಟ್ಟಿಸ್ಕೊಂಡು ಬರ್ತೀನಿ. ಮತ್ತ ಕೇಳು, ಮಣ್ಣು ಕೊಟ್ಟು ಬಂದವರು ಕಾಲು ತೊಳಕೊಳ್ಳದ ಒಳಗ ಬರಬಾರದು. ಬಾಗಲಾಗ ನೀರು ಇಡು."

ನಾನು ಮೈಲಿಗೆಯನ್ನು ನಂಬುವವಳಲ್ಲ. ಆದರೆ ಖಾಲಿ ಮನೆಯಲ್ಲಿ, ಒಬ್ಬರು ಇಲ್ಲವಾದ ಮೇಲೆ, ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ. ನೊನ್ನಾಗಾಗಿ ನಾನು ಅತ್ತಿರಲಿಲ್ಲ. ಅಳುವುದಕ್ಕೆ ನನಗೆ ಬಾಗಿಲು ಮುಚ್ಚಿದ ಕೋಣೆ ಬೇಕು, ಆ ಮನೆಯಲ್ಲಿ ಬಾಗಿಲು ಮುಚ್ಚುವ ಪದ್ಧತಿ ಇರಲಿಲ್ಲ. ಕಾಕು ಕೊಟ್ಟದ್ದು ಸ್ಪಷ್ಟ ಸೂಚನೆ. ಅಕ್ಷರಶಃ ಪಾಲಿಸುವಂಥದ್ದು. ಬೇರೆಯವರ ಚೀಟಿಯಾಗಿದ್ದರೆ ಇದನ್ನು ಪಾಲಿಸಿದರೆ ಏನಾಗುತ್ತದೆ ಎಂದು ನೋಡುತ್ತಿದ್ದೆ.

ತೋಳು ಏರಿಸಿದೆ. ಮುಚ್ಚಳ ತೆಗೆದೆ.

ಕೆಂಪು ಸಾರು, ಮೇಲೆ ಕಿತ್ತಳೆ ಬಣ್ಣದ ಎಣ್ಣೆ, ನಡುನಡುವೆ ಮಾಂಸ. ನಾನು ಜೀವನದಲ್ಲಿ ಮಾಂಸ ಮುಟ್ಟಿದವಳಲ್ಲ. ಸಿಂಕಿನ ಕೆಳಗಿದ್ದ ಹಳದಿ ರಬ್ಬರ್ ಗ್ಲೌಸ್ ಹಾಕಿಕೊಂಡೆ, ಉಸಿರು ಬಿಗಿಹಿಡಿದೆ, ಒಂದೊಂದಾಗಿ ಎತ್ತಿ ಬಿನ್ನಿಗೆ ಹಾಕಿದೆ. ಒಂಬತ್ತು ಪಕ್ಕೆಲುಬು, ನಲವತ್ತೆರಡು ಮಾಂಸದುಂಡೆ. ಭಯವಾದಾಗ ನಾನು ಎಣಿಸುತ್ತೇನೆ. ಈ ಮನೆಗಾಗಿ ಇದಕ್ಕಿಂತ ದೊಡ್ಡ ತ್ಯಾಗವನ್ನು ಯಾವ ಸೊಸೆಯೂ ಮಾಡಿರಲಾರಳು ಎಂದು ಅನಿಸಿತು. ಲೊರೇನ್ ನೋಡಬೇಕಿತ್ತು ಎಂದೂ ಅನಿಸಿತು.

ಉಳಿದ ಸಾರನ್ನು ಸಿಂಕಿಗೆ ಸುರಿದೆ. ಗಟ್ಟಿಯಾಗಿತ್ತು, ಇಳಿಯಲು ಹಟ ಮಾಡಿತು. ನಲ್ಲಿ ತಿರುಗಿಸಿ ತಣ್ಣೀರು ಬಿಟ್ಟೆ. ಕೊಬ್ಬು ತಣ್ಣೀರಿಗೆ ಹೆಪ್ಪುಗಟ್ಟುತ್ತದೆ ಎಂಬುದು ಹುಟ್ಟು ಸಸ್ಯಾಹಾರಿಗೆ ಹೇಗೆ ಗೊತ್ತಾಗಬೇಕು? ತುಪ್ಪ ಹೆಪ್ಪುಗಟ್ಟುವುದನ್ನು ಇಪ್ಪತ್ತೆಂಟು ವರ್ಷ ನೋಡಿದ್ದೇನೆ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ.

ಸಿಂಕಿನ ಪಕ್ಕದಲ್ಲಿ ಆರು ಖಾಲಿ ಐಸ್‌ಕ್ರೀಮ್ ಡಬ್ಬಿಗಳು ಜಿಡ್ಡಾಗಿ ಬಿದ್ದಿದ್ದವು. ಏಳನೆಯದು ಚಿಕ್ಕದು, ಅದರಲ್ಲೂ ಸಾರಿತ್ತು. ಅದನ್ನೂ ಸುರಿದೆ. ಎಲ್ಲವನ್ನೂ ಬಿಸಿನೀರಿನಲ್ಲಿ ತಿಕ್ಕಿ ತೊಳೆದು ರೀಸೈಕ್ಲಿಂಗ್ ಬಿನ್ನಿಗೆ ಹಾಕಿದೆ. ಡಬ್ಬಿಗಳ ಮೇಲೆ ಅಂಟಿಸಿದ್ದ ಬಿಳಿ ಟೇಪು ಅರ್ಧಂಬರ್ಧ ಕಿತ್ತು ಬಂತು.

ಪಾತ್ರೆಯನ್ನು ಬೆಳ್ಳಗೆ ಉಜ್ಜಿ ಬೋರಲು ಹಾಕಿದೆ. ಕೆಟಲ್, ಜಗ್, ಹೂದಾನಿ, ಎಲ್ಲ ನೀರನ್ನೂ ಚೆಲ್ಲಿದೆ. ನೆಲಕ್ಕೆ ಬಕೆಟ್ ಬಕೆಟ್ ನೀರು ಹಾಕಿ ತೊಳೆದೆ. ನೊನ್ನಾ ಮಲಗುತ್ತಿದ್ದ ಕೋಣೆಯನ್ನೂ ತೊಳೆಯಬೇಕಿತ್ತು. ಅಲ್ಲಿ ಅವರ ಉಣ್ಣೆಯ ಕಾರ್ಡಿಗನ್ ಕುರ್ಚಿಯ ಬೆನ್ನಿಗೆ ಹಾಗೇ ನೇತಾಡುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ಹಿಂದೆ ತೆಗೆದೆ. ಧೈರ್ಯ ಬರಲಿಲ್ಲ. ಆ ದಿನ ನನ್ನಿಂದಾದ ಒಂದೇ ಒಂದು ಒಳ್ಳೆಯ ಕೆಲಸವನ್ನು ಮಾಡಿದ್ದು ನನ್ನ ಹೇಡಿತನ.

ಕೊನೆಯ ಬಕೆಟ್ ಹಿಡಿದು ಮುಂಬಾಗಿಲಿಗೆ ಬಂದಾಗ ಅಂಗಳದಲ್ಲಿ ಏನೋ ಬುಳುಬುಳು ಎನ್ನುತ್ತಿತ್ತು. ಈ ಮನೆಗೂ ಪಕ್ಕದ ಮನೆಗೂ ಸೇರಿದ ಕಾರು ನಿಲ್ಲಿಸುವ ಜಾಗ ಅದು. ನೆಲದ ಕಬ್ಬಿಣದ ಮುಚ್ಚಳದ ಸುತ್ತಲಿಂದ ನೀರು ಉಕ್ಕುತ್ತಿತ್ತು. ಕೆಂಪು ನೀರು. ಇಳಿಜಾರಿನಲ್ಲಿ ಹರಿದು ಫುಟ್‌ಪಾತ್ ತಲುಪಿತ್ತು.

ಪಕ್ಕದ ಮನೆಯ ಜೆಫ್ರಿ ಎಲೆ ಗುಡಿಸುತ್ತಿದ್ದರು. ನಿವೃತ್ತರು, ಬಹಳ ಸಂಭಾವಿತರು. ಪೊರಕೆ ನಿಲ್ಲಿಸಿ ನೀರನ್ನು ನೋಡಿದರು. ಆಮೇಲೆ ಮೊಣಕೈವರೆಗೆ ಕೆಂಪಾಗಿದ್ದ ನನ್ನ ಗ್ಲೌಸ್ ನೋಡಿದರು.

"ನಾನು ಮಧ್ಯೆ ಬಾಯಿ ಹಾಕಬಾರದು," ಎಂದರು. "ಎಲ್ಲಾ ಸರಿಯಾಗಿದೆ ತಾನೇ?"

"ಸರಿಯಾಗಿದೆ. ಸಾವಾದ ಮೇಲೆ ಮನೆ ತೊಳೆಯಬೇಕು. ತೊಳೀತಿದ್ದೀನಿ."

"ಓ, ಹಾಗೋ." ಪೊರಕೆಯ ಹಿಡಿಗೆ ಎರಡೂ ಕೈ ಊರಿದರು. "ವಯಸ್ಸಾಗಿ ಹೋದರು ಅಂತ ಕೇಳಿದ್ದೆ."

ಅಷ್ಟರಲ್ಲಿ ಕಾರುಗಳು ಬಂದವು. ಒಂದರ ಹಿಂದೊಂದು, ಎಲ್ಲವೂ ಕಪ್ಪು. ಮೂವತ್ತೊಂದು ಜನ ಕಪ್ಪು ಬಟ್ಟೆಯಲ್ಲಿ ಇಳಿದು, ಕೆಂಪು ನೀರನ್ನು ದಾಟಲಾರದೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತರು. ನಾನು ಹೊಸ್ತಿಲಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಹಿಂದೆ ಸರಿಯುವ ವಿವೇಕವಿದ್ದಿದ್ದರೆ ಅದೇ ಸಮಯ. ಆದರೆ ಸೂಚನೆಯಲ್ಲಿ ಇನ್ನೊಂದು ಅಂಶ ಬಾಕಿಯಿತ್ತು.

"ದಯವಿಟ್ಟು ಕಾಲು ತೊಳೆದು ಒಳಗೆ ಬನ್ನಿ," ಎಂದೆ.

ಒಬ್ಬೊಬ್ಬರಾಗಿ ನೀರು ಬಳಸಿ ಬಾಗಿಲಿಗೆ ಬಂದರು. ಮೊದಲು ಬಗ್ಗಿದವರು ಪೀಟ್. ಇದು ಚರ್ಚಿನದೇ ಯಾವುದೋ ಪದ್ಧತಿ, ತಾವು ಮರೆತಿದ್ದೇವೆ ಎಂದುಕೊಂಡರಂತೆ. ನವೆಂಬರ್ ಚಳಿಯಲ್ಲಿ ಹೊಳೆಯುವ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತರು. ನಾನು ನೀರು ಹಾಕಿದೆ. ಅವರ ಬಾಯಿಂದ ಹೊರಟ ಶಬ್ದ ಪ್ರಾರ್ಥನೆಯದಾಗಿರಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ಮುದುಕಿಯರು ಅಳುತ್ತಳುತ್ತಲೇ ಬೂಟು ಬಿಚ್ಚತೊಡಗಿದರು.

ಲೊರೇನ್ ಬಿಚ್ಚಲಿಲ್ಲ. ನೇರ ಒಳಗೆ ನಡೆದರು. ಅಡುಗೆಮನೆಯವರೆಗೆ ಅವರ ಹೆಜ್ಜೆ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆ ಮನೆಯಲ್ಲಿ ನಾನು ಎರಡು ವರ್ಷದಲ್ಲಿ ಮೌನವನ್ನು ಕೇಳಿರಲಿಲ್ಲ. ಒಳಗೆ ಓಡಿದೆ.

ಬೋರಲು ಹಾಕಿದ ಪಾತ್ರೆಯ ಮುಂದೆ ನಿಂತಿದ್ದರು.

"ಅಮ್ಮನ ಗ್ರೇವಿ ಎಲ್ಲಿ?" ಬಹಳ ಮೆಲ್ಲನೆ ಕೇಳಿದರು.

ಆ ಟೊಮೆಟೊ ಸಾರನ್ನು ಅವರ ಮನೆಯಲ್ಲಿ ಗ್ರೇವಿ ಎನ್ನುತ್ತಾರೆ. ನೊನ್ನಾ ಬೇಸಿಗೆಯ ಕೊನೆಯಲ್ಲಿ ಕುಳಿತು, ಕೈ ನಡುಗುತ್ತಿದ್ದರೂ ಯಾರನ್ನೂ ಹತ್ತಿರ ಬಿಡದೆ, ಅದನ್ನು ಮಾಡಿ ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲಿಟ್ಟಿದ್ದರು. ಆಮೇಲೆ ಅವರ ಕೈ ಸೌಟು ಹಿಡಿಯಲಿಲ್ಲ. ಹಿಂದಿನ ದಿನ ಸಂಜೆ ಲೊರೇನ್ ಆ ಡಬ್ಬಿಗಳನ್ನು ಪಾತ್ರೆಗೆ ಸುರಿದು ಕರಗಲು ಬಿಟ್ಟಿದ್ದರು. ತಾಯಿಯನ್ನು ಮಣ್ಣಿಗೆ ಕೊಟ್ಟು ಬಂದು ತಾಯಿಯ ಕೈ ಅಡುಗೆಯನ್ನು ಕೊನೆಯ ಸಲ ಎಲ್ಲರೂ ಉಣ್ಣುವುದು ಎಂದು. ಇದು ಆ ಮನೆಯ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಹೇಳಿರಲಿಲ್ಲ.

"ಚೆಲ್ಲಿದೆ," ಎಂದೆ.

"ಚೆಲ್ಲಿದೆ," ಎಂದು ಅವರೂ ಅಂದರು.

ಡಾನಿ ಹಿಂದೆ ಬಂದು ನಿಂತಿದ್ದ. "ಅಮ್ಮ, ತಪ್ಪು ನಂದು. ಹನ್ನೊಂದಕ್ಕೆ ಸಣ್ಣ ಉರಿ ಇಡೋಕೆ ಹೇಳು ಅಂದಿದ್ದೆ ನೀನು. ಹೇಳೋದು ಮರೆತೆ."

"ನೀನು ಮರೆತಿದ್ರೆ ಒಲೆ ಹತ್ತುತ್ತಿರಲಿಲ್ಲ, ಡಾನಿ. ಪಾತ್ರೆ ಯಾಕೆ ಖಾಲಿಯಾಯ್ತು?"

ನಾನು ವಿವರಿಸಿದೆ. ಸಾವು, ಮೈಲಿಗೆ, ನಿಂತ ನೀರು. ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಂತೆ ಪ್ರತಿಯೊಂದು ವಾಕ್ಯವೂ ನಿಮ್ಮ ತಾಯಿ ಮುಟ್ಟಿದ್ದು ಹೊಲಸು ಎಂದಂತೆ ಕೇಳಿಸತೊಡಗಿತು. ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಇನ್ನೂ ಕೆಟ್ಟದಾಗಿ ಕೇಳಿಸಿತು.

ಬರಿಗಾಲಿನ ಪೀಟ್ ಏನಾದರೂ ಉಳಿದಿದೆಯೇ ಎಂದು ಬಿನ್ನುಗಳನ್ನು ತಡಕಾಡುತ್ತಿದ್ದರು. ರೀಸೈಕ್ಲಿಂಗ್ ಬಿನ್ನಿನಿಂದ ಆ ಚಿಕ್ಕ ಡಬ್ಬಿ ಎತ್ತಿದರು. ಒದ್ದೆ ಟೇಪನ್ನು ಬೆರಳಿನಿಂದ ಸರಿಮಾಡಿ, ನೊನ್ನಾ ಅವರ ವಾರೆ ಅಕ್ಷರಗಳನ್ನು ಜೋರಾಗಿ ಓದಿದರು: "ಡಾನಿಯ ಹುಡುಗಿಗೆ. ಮಾಂಸ ಇಲ್ಲ."

ಲೇಬಲ್ ಓದುವುದಕ್ಕೆ ನನಗೆ ತಿಂಗಳಿಗೆ ಸಂಬಳ ಕೊಡುತ್ತಾರೆ.

ಆ ಡಬ್ಬಿಯನ್ನು ಪೀಟ್ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ನಿಂತೆ. ಒಳಗೆ ಥಳಥಳ ಹೊಳೆಯುತ್ತಿತ್ತು. ಬಹಳ ಚೆನ್ನಾಗಿ ತೊಳೆದಿದ್ದೆ.

ಊಟಕ್ಕೆ ಇದ್ದದ್ದು ಬ್ರೆಡ್ಡು ಮತ್ತು ಬೇಯಿಸಬೇಕಾದ ಪಾಸ್ತಾ. ಅದನ್ನು ಬೇಯಿಸಿದರು. ಬಿಳಿಯ ಪಾಸ್ತಾ ದೊಡ್ಡ ತಟ್ಟೆಗಳಲ್ಲಿ ಮೇಜಿನ ಮೇಲೆ ಕುಳಿತಿತ್ತು, ಮೂವತ್ತೊಂದು ಜನ ಅದರ ಸುತ್ತ ಕುಳಿತಿದ್ದರು. ಆಗ ಕರೆಗಂಟೆ ಸದ್ದು ಮಾಡಿತು.

ಕಾಕು! ಇಳಕಲ್ ಸೀರೆ, ಮೇಲೆ ದಪ್ಪ ಕೋಟು, ಎರಡು ಕೈಯಲ್ಲಿ ಎರಡು ಸ್ಟೀಲಿನ ಕ್ಯಾರಿಯರ್. ಒಳಗೆ ಅನ್ನ ಮತ್ತು ತೊಗರಿಬೇಳೆ. ಸಾವಿನ ಮನೆಯ ಊಟ, ಒಗ್ಗರಣೆ ಇಲ್ಲ, ಖಾರ ಇಲ್ಲ. ಕಾಕು ಎಲ್ಲರಿಗೂ ಕೈಮುಗಿದರು, ನ್ಯೂಜೆರ್ಸಿಯವರೊಬ್ಬರು ಮುತ್ತಿಡಲು ಬಂದಾಗ ಕ್ಯಾರಿಯರನ್ನು ಅಡ್ಡ ಹಿಡಿದು ಪಾರಾದರು, ಬಡಿಸಿಕೊಂಡು ಹೋದರು. ಹೀಗೆ ಒಂದು ಇಟಾಲಿಯನ್ ಮನೆತನ ತನ್ನ ಹಿರಿಯರ ಅಂತ್ಯಕ್ರಿಯೆಯ ದಿನ ಪಾಸ್ತಾಕ್ಕೆ ಬರೀ ಬೇಳೆ ಕಲಸಿಕೊಂಡು ಉಂಡಿತು.

"ಸ್ವಲ್ಪ ಉಪ್ಪು ಬೇಕಿತ್ತು," ಎಂದರು ಪೀಟ್.

ಲೊರೇನ್ ತುತ್ತು ಮುಟ್ಟಲಿಲ್ಲ. ನೊನ್ನಾ ಅವರ ಕುರ್ಚಿ ಖಾಲಿಯಿತ್ತು. ಪಕ್ಕದ ನನ್ನ ಕುರ್ಚಿಯೂ ಖಾಲಿಯಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಡಾನಿ ನನ್ನತ್ತ ನೋಡಿದ. ಬೇಡ ಎಂದು ತಲೆಯಾಡಿಸಿದೆ. ಅವನು ತಟ್ಟೆ ನೋಡಿದ. ಸುದ್ದಿ ಅಲ್ಲಿಗೆ ಮುಗಿಯಿತು, ನನ್ನ ಎರಡು ವರ್ಷವೂ ಮುಗಿಯಿತು ಎಂದುಕೊಂಡೆ.

ಆದರೆ ಕಾಕು ಲೊರೇನ್ ಅವರ ಎದುರು ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಬೀಗರ ಮನೆಯಲ್ಲಿ ಮೊದಲ ಸಲ ಕುಳಿತವರು ಏನಾದರೂ ಮಾತಾಡಬೇಕಲ್ಲ. ಇಂಗ್ಲಿಷಿನಲ್ಲಿ, ಕೊನೆಯ ಕುರ್ಚಿಗೂ ಕೇಳಿಸುವಂತೆ ಹೇಳಿದರು: "ದೊಡ್ಡವರು ಹೋದ ಮೇಲೆ ನಮ್ಮಲ್ಲಿ ಒಂದು ವರ್ಷ ಮದುವೆ ಇಟ್ಟುಕೊಳ್ಳೋದಿಲ್ಲ. ನಿಮ್ಮಲ್ಲಿ ಹೇಗೆ? ಇವರಿಬ್ಬರದು ಮುಂದಕ್ಕೆ ಹಾಕೋಣವೇ?"

ಮೂವತ್ತು ಫೋರ್ಕುಗಳು ನಿಂತವು.

"ಕಾಕು," ಎಂದೆ.

"ಯಾಕ? ಇನ್ನೂ ಹೇಳಿಲ್ಲೇನು?" ಎಂದರು ಕಾಕು, ಕನ್ನಡದಲ್ಲಿ. "ಮತ್ತ ಸೊಸಿ ಅಂತ ಮನಿ ತೊಳದಿಯಲ್ಲ!"

ಡಾನಿ ಎದ್ದು ನಿಂತ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕುಳಿತ. ಲೊರೇನ್ ಕಾಕುವಿನ ಮೇಲಿಂದ ದೃಷ್ಟಿ ತೆಗೆದು ನನ್ನನ್ನು ನೋಡಿದರು.

"ನನಗೆ ಗೊತ್ತಿತ್ತು," ಎಂದರು. "ಅಮ್ಮ ಈಸ್ಟರ್ ದಿನವೇ ಹೇಳಿದ್ದಳು. ಅವಳ ಹೊಟ್ಟೇಲಿ ಏನೂ ನಿಲ್ತಿರಲಿಲ್ಲ. ನೀವಾಗಿ ಹೇಳ್ತೀರಿ ಅಂತ ಸುಮ್ಮನಿದ್ದೆ." ಮೇಜುಬಟ್ಟೆಯ ಮೇಲಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡರು. "ಅಮ್ಮನ ಪಾತ್ರೆ ಒಲೆ ಮೇಲಿದ್ದಾಗ ಆ ಅಡುಗೆಮನೇಲಿ ನಾನು ಪೀಟನ ಹೆಂಡತೀನೂ ಒಬ್ಬಳೇ ಬಿಟ್ಟವಳಲ್ಲ. ಮೂವತ್ತು ವರ್ಷ. ಇವತ್ತು ನಿನ್ನ ಬಿಟ್ಟೆ."

ಪೀಟ್ ಅವರ ಹೆಂಡತಿ ಬೇಳೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ನನ್ನ ಕ್ಷಮಿಸಿ," ಎಂದೆ.

"ಅದನ್ನ ಆಮೇಲೆ ನೋಡೋಣ. ಇವತ್ತು ನನಗೆ ನಮ್ಮಮ್ಮ ಬೇಕಿತ್ತು."

ಎದ್ದು ಮಹಡಿಗೆ ಹೋದರು. ಆ ಮನೆಯಲ್ಲಿ ಮೊದಲ ಬಾರಿಗೆ ಒಂದು ಬಾಗಿಲು ಮುಚ್ಚಿದ್ದು ಕೇಳಿಸಿತು. ಕಾಕು ಕ್ಯಾರಿಯರ್ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ನನ್ನ ಕಿವಿಯಲ್ಲಿ, "ಆ ಪಾತೇಲ್ಯಾಗ ಇದ್ದಿದ್ದು ಅಕೀ ಕೈ ಅಡಗಿ ಅಂತ ನನಗ್ಯಾಕ ಹೇಳಲಿಲ್ಲ?" ಎಂದರು.

"ನನಗ ಗೊತ್ತಿರಲಿಲ್ಲರಿ."

"ಕೇಳಬೇಕಿತ್ತಲ್ಲವ್ವಾ."

ಕಾಕುವಿನ ಜೊತೆ ಬಸ್ಸಿನಲ್ಲಿ ಎಜ್‌ವೇರ್‌ಗೆ ಹೋದೆ. ಅವರ ಮನೆಯ ಬಾತ್‌ರೂಮಿನ ಬಾಗಿಲು ಮುಚ್ಚಿಕೊಂಡು ನೊನ್ನಾಗಾಗಿ ಅತ್ತೆ. ಖಾಲಿ ಡಬ್ಬಿ ಮಡಿಲಲ್ಲಿತ್ತು.

ಮರುದಿನ ಬೆಳಿಗ್ಗೆ ಬೆಳಕು ಹರಿಯುತ್ತಿದ್ದಂತೆ ಪಿನ್ನರ್‌ಗೆ ಹೋದೆ. ಎರಡು ಪೊಟ್ಟಣ ವಾಷಿಂಗ್ ಸೋಡಾ, ಫ್ಲಾಸ್ಕ್‌ಗಳಲ್ಲಿ ಕುದಿನೀರು, ಉದ್ದ ಹಿಡಿಯ ಬ್ರಷ್ಷು, ಹೊಸ ಗ್ಲೌಸ್. ಪೊಟ್ಟಣದ ಮೇಲಿನ ಸೂಚನೆಯನ್ನು ಮೂರು ಸಲ ಓದಿದ್ದೆ. ಬಾಗಿಲು ತಟ್ಟುವ ಮುಖವಿರಲಿಲ್ಲ. ಕಟ್ಟಿಕೊಂಡ ಮೋರಿಯನ್ನಾದರೂ ಬಿಡಿಸಿ, ಅಂಗಳ ತೊಳೆದು, ಯಾರೂ ಏಳುವ ಮೊದಲೇ ಹೊರಟುಬಿಡುವುದು ಎಂದುಕೊಂಡಿದ್ದೆ. ಈ ಮನೆಗೂ ಪಕ್ಕದ ಮನೆಗೂ ನಡುವಿನ ಓಣಿಯಲ್ಲಿ ಮಂಡಿಯೂರಿ, ಕಬ್ಬಿಣದ ಜಾಲರಿ ಎತ್ತಿ, ಭುಜದವರೆಗೆ ಕೈ ಇಳಿಸಿದೆ. ಕೊಳೆತ ಎಲೆ ಬಂತು. ಪಾಚಿ ಬಂತು. ಬಟ್ಟೆ ಒಣಹಾಕುವ ಕ್ಲಿಪ್ಪು, ಒಂದು ಟೆನಿಸ್ ಚೆಂಡು ಬಂದವು. ಗ್ರೇವಿಯ ಸುಳಿವೇ ಇರಲಿಲ್ಲ. ಸೋಡಾ ಅದ್ಭುತವಾಗಿ ಕೆಲಸ ಮಾಡುತ್ತಿದೆ ಎಂದುಕೊಂಡು ಇನ್ನಷ್ಟು ಉಜ್ಜಿದೆ. ಒಂದು ಗಂಟೆ ಉಜ್ಜಿದೆ.

ಮೇಲೆ ಕಿಟಕಿ ತೆರೆಯಿತು. ಲೊರೇನ್. ಕೂದಲು ಕೆದರಿತ್ತು, ಮುಖ ಊದಿತ್ತು. ಮೈಮೇಲೆ ನೊನ್ನಾ ಅವರ ಕಾರ್ಡಿಗನ್ ಇತ್ತು.

"ಅಲ್ಲೇನು ಮಾಡ್ತಿದ್ದೀಯ?"

"ಮೋರಿ ತೊಳೀತಿದ್ದೀನಿ."

"ಅದು ಜೆಫ್ರಿ ಮನೇದು!"

ತಿರುಗಿ ನೋಡಿದೆ. ಜೆಫ್ರಿ ತಮ್ಮ ಅಡುಗೆಮನೆಯ ಕಿಟಕಿಯಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ಬಹಳ ಹೊತ್ತಿನಿಂದ ನಿಂತಿದ್ದಂತೆ ಕಾಣುತ್ತಿತ್ತು. ಕಿಟಕಿ ಸ್ವಲ್ಪವೇ ತೆರೆದು, "ಹೇಳೋಣ ಅಂದುಕೊಂಡೆ," ಎಂದರು. "ಆದರೆ ನೀವು ಅಷ್ಟು ಶ್ರದ್ಧೆಯಿಂದ ಮಾಡ್ತಿದ್ದಿರಿ..."

"ಬುದ್ಧಿ ಇಲ್ವಾ ನಿನಗೆ?" ಲೊರೇನ್ ಮೇಲಿನಿಂದ ಗದರಿದರು. ಇಡೀ ಬೀದಿಗೆ ಕೇಳಿಸಿರಬೇಕು. "ಈ ಚಳೀಲಿ, ಕೋಟಿಲ್ಲದೆ, ಯಾರದೋ ಮೋರಿಗೆ ಕೈ ಹಾಕ್ಕೊಂಡು ಕೂತಿದ್ದೀಯಲ್ಲ! ಅದಲ್ಲ, ಈ ಕಡೇದು!"

ಜೆಫ್ರಿಯವರ ಜಾಲರಿಯನ್ನು ಮುಚ್ಚಿದೆ. ಇಡೀ ಪಿನ್ನರ್‌ನಲ್ಲಿ ಅಷ್ಟು ಸ್ವಚ್ಛವಾದ ಮೋರಿ ಇನ್ನೊಂದಿರಲಾರದು. ಉಳಿದ ಅರ್ಧ ಪೊಟ್ಟಣ ಸೋಡಾ ಎತ್ತಿಕೊಂಡು, ಮೂರು ಹೆಜ್ಜೆ ಈಚೆ ಬಂದು, ಇನ್ನೊಂದು ಜಾಲರಿಯ ಮುಂದೆ ಮಂಡಿಯೂರಿದೆ. ಕೈ ಹಾಕುವ ಮೊದಲು ತಲೆಯೆತ್ತಿ ಕೇಳಿದೆ:

"ಇದೇ ತಾನೇ?"